ರೂಪಾವಳಿಯ ಪಟ್ಟಿ ಮತ್ತು ಕಲಿಕೆಯ ಕ್ರಮ: ಇಟಾಲಿಯನ್ ಕ್ರಿಯಾರ್ಥಗಳ ಬೋಧನೆಯ ಒಂದು ವಿಮರ್ಶೆ

ಸಾರಾಂಶ: ಇಟಾಲಿಯನ್ ಭಾಷೆಯ ಪಠ್ಯಗಳು ಕ್ರಿಯಾಪದವನ್ನು ಏಳು ಕ್ರಿಯಾರ್ಥಗಳಾಗಿ, ಮೂರು ಗಣಗಳಾಗಿ ವಿಂಗಡಿಸಿ ರೂಪಾವಳಿಯ ಪಟ್ಟಿಗಳಲ್ಲಿ ಕೊಡುತ್ತವೆ. ಈ ಪಟ್ಟಿಗಳು ಪರಾಮರ್ಶನಕ್ಕೆ ಒದಗುವ ಸಾಧನಗಳು. ಕಲಿಕೆಯ ಕ್ರಮವನ್ನು ಅವುಗಳಿಂದಲೇ ಪಡೆದುಕೊಳ್ಳುವುದು ದೋಷಪೂರ್ಣವೆಂಬುದು ನಮ್ಮ ವಾದ. ಪ್ರಕೃತಿಯ ವ್ಯತ್ಯಾಸ, ಕೊಂಜುಂತೀವೊದ ಆಯ್ಕೆ ಹಾಗೂ ಷರತ್ತಿನ ವಾಕ್ಯ ಎಂಬ ಮೂರು ನೆಲೆಗಳಲ್ಲಿ ಇದನ್ನು ಪರಿಶೀಲಿಸಿ, ಕನ್ನಡ ಮಾತೃಭಾಷೆಯ ಕಲಿಕೆದಾರರ ದೃಷ್ಟಿಯಿಂದ ಕೆಲವು ನಿಲುವುಗಳನ್ನು ಮಂಡಿಸಿದ್ದೇವೆ.

1. ಪಟ್ಟಿಯ ಹಿನ್ನೆಲೆ

ಇಟಾಲಿಯನ್ ವ್ಯಾಕರಣಗಳ ರೂಢಿಯಂತೆ ಪುರುಷ-ವಚನಗಳಿಗೆ ಅನುಗುಣವಾಗಿ ರೂಪ ಬದಲಿಸುವ ಕ್ರಿಯಾರ್ಥಗಳು ನಾಲ್ಕು: ನಿಶ್ಚಯಾರ್ಥ, ಕೊಂಜುಂತೀವೊ, ಷರತ್ತರ್ಥ ಮತ್ತು ಆಜ್ಞಾರ್ಥ. ಭಾವರೂಪ, ಕೃದಂತ ಮತ್ತು ಜೆರುಂದಿಯೊ ಎಂಬ ಮೂರು ಪುರುಷವನ್ನು ಸೂಚಿಸುವುದಿಲ್ಲ. ಕೊಂಜುಂತೀವೊ ಎಂಬ ಮೂಲ ಪದವನ್ನು ನಾವು ಉದ್ದೇಶಪೂರ್ವಕವಾಗಿಯೇ ಅನುವಾದಿಸದೆ ಉಳಿಸಿಕೊಂಡಿದ್ದೇವೆ. ಅದರ ಕಾರಣ ಮೂರನೆಯ ಭಾಗದಲ್ಲಿ ಸ್ಪಷ್ಟವಾಗುತ್ತದೆ.

ಈ ವಿಂಗಡಣೆಯ ಚೌಕಟ್ಟು ಲ್ಯಾಟಿನ್ನಿಂದ ಬಂದುದು. ಅದು ಮೊದಲಿನಿಂದಲೂ ಇಟಾಲಿಯನ್ನಿಗೆ ಸಂಪೂರ್ಣವಾಗಿ ಹೊಂದಿಕೊಂಡಿರಲಿಲ್ಲ ಎಂಬುದಕ್ಕೆ ಆ ಭಾಷೆಯ ಮೊದಲ ವ್ಯಾಕರಣವೇ ಸಾಕ್ಷಿ. ಸುಮಾರು 1440ರ ವೇಳೆಗೆ ಲಿಯೋನ್ ಬತ್ತಿಸ್ತ ಅಲ್ಬೆರ್ತಿ ರಚಿಸಿದ ತೊಸ್ಕಾನ ಭಾಷೆಯ ಕಿರುವ್ಯಾಕರಣವು ಲ್ಯಾಟಿನ್ ವರ್ಗಗಳನ್ನೇ ಅನುಸರಿಸಿದೆ. ಆದರೆ ‘ಸರೇಯಿ’ (ಆಗುತ್ತಿದ್ದೆ, ಇರುತ್ತಿದ್ದೆ) ಎಂಬಂತಹ ರೂಪಗಳ ಬಳಿ ಬಂದಾಗ, ಇವು ಲ್ಯಾಟಿನ್ನಿನಲ್ಲಿ ಇಲ್ಲವೆಂದು ಗುರುತಿಸಿ ಅವಕ್ಕೆ ಹೊಸದೊಂದು ಹೆಸರನ್ನು ಅಲ್ಬೆರ್ತಿ ಸೂಚಿಸಬೇಕಾಯಿತು. ಇಂದು ಷರತ್ತರ್ಥವೆಂದು ಕರೆಯುವ ಈ ರೂಪಾವಳಿ ಲ್ಯಾಟಿನ್ನಿನ ಭಾವರೂಪಕ್ಕೆ ‘ಹೊಂದಿರು’ ಎಂಬ ಅರ್ಥದ ಕ್ರಿಯಾಪದದ ಭೂತರೂಪ ಸೇರಿ ಹುಟ್ಟಿದ್ದು. ಅದೇ ಕ್ರಿಯಾಪದದ ವರ್ತಮಾನರೂಪ ಸೇರಿ ಭವಿಷ್ಯತ್ಕಾಲ ಹುಟ್ಟಿತು. ‘ಕಂತೆರೋ’ (ಹಾಡುವೆನು) ಮತ್ತು ‘ಕಂತೆರೇಯಿ’ (ಹಾಡುತ್ತಿದ್ದೆ, ಹಾಡಿಯೇನು) ಹೀಗೆ ಒಂದೇ ರಚನೆಯ ಅವಳಿಗಳು. ಪಟ್ಟಿಯಲ್ಲಿ ಒಂದು ನಿಶ್ಚಯಾರ್ಥದ ಕೆಳಗೆ, ಇನ್ನೊಂದು ಬೇರೆಯೇ ಕ್ರಿಯಾರ್ಥದ ಕೆಳಗೆ ನಿಲ್ಲುವುದರಿಂದ, ಒಂದರ ಪ್ರಕೃತಿಯನ್ನು ಬಲ್ಲವನಿಗೆ ಇನ್ನೊಂದರ ಪ್ರಕೃತಿ ತಾನಾಗಿ ದೊರೆಯುತ್ತದೆ ಎಂಬ ಸರಳ ಸಂಗತಿ ಮರೆಯಾಗುತ್ತದೆ.

ಕನ್ನಡಕ್ಕೆ ಸಂಸ್ಕೃತದ ಚೌಕಟ್ಟು ಒಗ್ಗದೆಂದು ಡಿ. ಎನ್. ಶಂಕರ ಭಟ್ ಅವರು ಮಾಡಿದ ವಾದವನ್ನು ಬಲ್ಲ ಓದುಗರಿಗೆ ಈ ಪರಿಸ್ಥಿತಿ ಅಪರಿಚಿತವಲ್ಲ. ಎರವಲು ಚೌಕಟ್ಟು ಭಾಷೆಯನ್ನು ಸುಳ್ಳಾಗಿಸಬೇಕೆಂದೇನಿಲ್ಲ. ಆದರೆ ಯಾವುದನ್ನು ಯಾವುದರ ಪಕ್ಕದಲ್ಲಿ ನೋಡಬೇಕೆಂಬುದನ್ನು ಅದು ಮೊದಲೇ ನಿರ್ಧರಿಸಿಬಿಡುತ್ತದೆ.

2. ಗಣಗಳು ಮರೆಮಾಚುವ ವಿನ್ಯಾಸ

ಭಾವರೂಪದ ಅಂತ್ಯವನ್ನು ಆಧರಿಸಿ ‘-ಆರೆ’, ‘-ಎರೆ’, ‘-ಇರೆ’ ಎಂಬ ಮೂರು ಗಣಗಳನ್ನು ಹೇಳಿ, ಅದಕ್ಕೆ ಹೊಂದದ ಕ್ರಿಯಾಪದಗಳನ್ನು ‘ಅನಿಯತ’ವೆಂಬ ಹೆಸರಿನಲ್ಲಿ ಪುಸ್ತಕದ ಕೊನೆಗೆ ಸಾಗಿಸುವುದು ವಾಡಿಕೆ. ಈ ಅನಿಯತತೆಯಲ್ಲಿಯೂ ಕಟ್ಟುನಿಟ್ಟಾದ ನಿಯತಿಯಿದೆಯೆಂದು ಮಾರ್ಟಿನ್ ಮೇಡನ್ ಅವರ ರೊಮಾನ್ಸ್ ಭಾಷಾಧ್ಯಯನಗಳೂ 2000ದಲ್ಲಿ ಪ್ರಕಟವಾದ ಪಿರೆಲ್ಲಿ ಮತ್ತು ಬತ್ತಿಸ್ತ ಅವರ ವಿಶ್ಲೇಷಣೆಯೂ ತೋರಿಸಿಕೊಟ್ಟಿವೆ.

‘ಫಿನೀಸ್ಕೊ’ (ಮುಗಿಸುತ್ತೇನೆ) ಎಂಬಲ್ಲಿ ಕಾಣುವ ‘-ಇಸ್ಕ್-’ ಆಗಮವು ‘ಫಿನ್ಯಾಮೊ’ (ಮುಗಿಸುತ್ತೇವೆ) ಎಂಬಲ್ಲಿ ಇಲ್ಲ. ‘ಸ್ಯೇದೊ’ (ಕುಳಿತುಕೊಳ್ಳುತ್ತೇನೆ) ಎಂಬುದರ ಸಂಯುಕ್ತ ಸ್ವರ ‘ಸೆದ್ಯಾಮೊ’ದಲ್ಲಿ ಇಲ್ಲ. ‘ವಾದೊ’ (ಹೋಗುತ್ತೇನೆ) ಬಹುವಚನದಲ್ಲಿ ‘ಅಂದ್ಯಾಮೊ’ ಆಗುತ್ತದೆ. ‘ಎಸ್ಕೊ’ (ಹೊರಹೋಗುತ್ತೇನೆ) ‘ಉಶ್ಶಾಮೊ’ ಆಗುತ್ತದೆ. ಈ ನಾಲ್ಕೂ ಪಠ್ಯಗಳಲ್ಲಿ ನಾಲ್ಕು ಬೇರೆ ಬೇರೆ ವಿನಾಯಿತಿಗಳು. ಆದರೆ ವ್ಯತ್ಯಾಸ ನಡೆಯುವ ಸ್ಥಾನಗಳು ಎಲ್ಲ ಕಡೆಯೂ ಅವೇ: ಏಕವಚನದ ಮೂರು ಪುರುಷಗಳು ಮತ್ತು ಬಹುವಚನದ ಪ್ರಥಮಪುರುಷ ಒಂದು ಪ್ರಕೃತಿಯನ್ನೂ, ಬಹುವಚನದ ಉತ್ತಮ ಮತ್ತು ಮಧ್ಯಮಪುರುಷಗಳು ಇನ್ನೊಂದು ಪ್ರಕೃತಿಯನ್ನೂ ಪಡೆಯುತ್ತವೆ. ವರ್ತಮಾನದ ಕೊಂಜುಂತೀವೊದಲ್ಲಿಯೂ ಇದೇ ಹಂಚಿಕೆ.

ಎರಡನೆಯ ವಿನ್ಯಾಸ ನಮ್ಮ ವಿಷಯಕ್ಕೆ ಇನ್ನೂ ಹತ್ತಿರದ್ದು. ‘ವೆಂಗೊ’ (ಬರುತ್ತೇನೆ), ‘ವೆಂಗೊನೊ’ (ಬರುತ್ತಾರೆ) ಎಂಬೆಡೆ ಕಾಣುವ ಗಕಾರ ‘ವ್ಯೇನಿ’ (ಬರುತ್ತೀಯೆ) ಎಂಬಲ್ಲಿ ಇಲ್ಲ. ಕೊಂಜುಂತೀವೊದ ‘ವೆಂಗ’, ‘ವೆಂಗನೊ’ ರೂಪಗಳಲ್ಲಿ ಮರಳಿ ಬರುತ್ತದೆ. ‘ದೀಕೊ’, ‘ದೀಚಿ’, ‘ದೀಕ’ ಎಂಬ ಹೇಳುವಿಕೆಯ ರೂಪಗಳಲ್ಲಿ ಕಕಾರ-ಚಕಾರಗಳು ಇದೇ ಸ್ಥಾನಗಳಲ್ಲಿ ಅದಲುಬದಲಾಗುತ್ತವೆ. ಅಂದರೆ, ‘ನಾನು’ ರೂಪವನ್ನು ಕಲಿತವನು ಕೊಂಜುಂತೀವೊದ ಪ್ರಕೃತಿಯನ್ನು ಆಗಲೇ ಕಲಿತಿರುತ್ತಾನೆ. ‘ಎಸ್ಸೆರೆ’ (ಇರು), ‘ಅವೇರೆ’ (ಹೊಂದಿರು), ‘ಸಪೇರೆ’ (ತಿಳಿದಿರು) ಮುಂತಾದ ಕೆಲವು ಅತಿಬಳಕೆಯ ಕ್ರಿಯಾಪದಗಳು ಇದಕ್ಕೆ ಹೊರತು. ಅವನ್ನು ಬಾಯಿಪಾಠ ಮಾಡದೆ ಗತ್ಯಂತರವಿಲ್ಲ. ಆದರೆ ಆ ಕೆಲವಕ್ಕಾಗಿ ಉಳಿದವೆಲ್ಲವನ್ನೂ ಬಾಯಿಪಾಠಕ್ಕೆ ಒಪ್ಪಿಸುವುದು ಸಮರ್ಥನೀಯವಲ್ಲ. ನಿಶ್ಚಯಾರ್ಥದ ವರ್ತಮಾನ ಒಂದು ಅಧ್ಯಾಯದಲ್ಲಿ, ಕೊಂಜುಂತೀವೊ ಹಲವು ಅಧ್ಯಾಯಗಳಾಚೆ ಇರುವ ಪಠ್ಯದಲ್ಲಿ ಈ ಸಂಬಂಧ ಕಣ್ಣಿಗೆ ಬೀಳುವುದೇ ಇಲ್ಲ.

3. ಕೊಂಜುಂತೀವೊ: ಹೆಸರು ಮತ್ತು ಆಯ್ಕೆ

ಕನ್ನಡದಲ್ಲಿ ‘ಬಂದಾನು’ ಎಂಬುದು ಸಂಭಾವನಾರ್ಥ, ‘ಬರಲಿ’ ಎಂಬುದು ವಿಧ್ಯರ್ಥ, ‘ಬಾರನು’ ಎಂಬುದು ನಿಷೇಧಾರ್ಥ. ಇವು ಸ್ವತಂತ್ರ ವಾಕ್ಯದಲ್ಲಿಯೇ ತಮ್ಮ ಅರ್ಥವನ್ನು ಪೂರ್ಣವಾಗಿ ಹೇಳಬಲ್ಲವು. ಕೊಂಜುಂತೀವೊವನ್ನು ಸಂಭಾವನಾರ್ಥವೆಂದು ಅನುವಾದಿಸಿದೊಡನೆ, ಅದೂ ಇಂತಹದೇ ಸ್ವತಂತ್ರ ಅರ್ಥವುಳ್ಳ ರೂಪವೆಂಬ ಭಾವನೆ ಹುಟ್ಟುತ್ತದೆ. ವಾಸ್ತವದಲ್ಲಿ ಅದರ ಪ್ರಧಾನ ಕ್ಷೇತ್ರ ಅಧೀನ ವಾಕ್ಯ. ಅದನ್ನು ಕರೆತರುವುದು ಮುಖ್ಯ ವಾಕ್ಯದ ಕ್ರಿಯೆ.

‘ಸೊ ಕೆ ಎ ವೆನೂತೊ’ (ಅವನು ಬಂದಿದ್ದಾನೆಂದು ಬಲ್ಲೆ) ಎಂಬಲ್ಲಿ ನಿಶ್ಚಯಾರ್ಥ. ‘ಕ್ರೇದೊ ಕೆ ಸೀಯ ವೆನೂತೊ’ (ಅವನು ಬಂದಿದ್ದಾನೆಂದು ಭಾವಿಸುತ್ತೇನೆ) ಎಂಬಲ್ಲಿ ಕೊಂಜುಂತೀವೊ. ಇಷ್ಟರಿಂದ ಸಂಶಯವೇ ಕಾರಣವೆಂದು ತೋರಬಹುದು. ಆದರೆ ‘ಸೋನೊ ಕೊಂತೆಂತೊ ಕೆ ಸೀಯ ವೆನೂತೊ’ (ಅವನು ಬಂದದ್ದು ಸಂತೋಷ) ಎಂಬಲ್ಲಿ ಬಂದುದರ ಬಗ್ಗೆ ಯಾವ ಸಂಶಯವೂ ಇಲ್ಲ. ಆದರೂ ಕೊಂಜುಂತೀವೊ ಬರುತ್ತದೆ. ಸಂಭಾವನೆ ಎಂಬ ಹೆಸರು ಇಲ್ಲಿ ಕುಸಿಯುತ್ತದೆ.

ಮೇಲಿನ ಮೂರು ಕನ್ನಡ ವಾಕ್ಯಗಳನ್ನು ಹೋಲಿಸಿದರೆ ಕಲಿಕೆಯ ನಿಜವಾದ ತೊಡಕು ಗೋಚರಿಸುತ್ತದೆ. ಬಲ್ಲುದಕ್ಕೂ ಭಾವಿಸಿದ್ದಕ್ಕೂ ಕನ್ನಡವು ‘ಬಂದಿದ್ದಾನೆ’ ಎಂಬ ಒಂದೇ ರೂಪವನ್ನು ‘ಎಂದು’ ಜೋಡಿಸಿ ಬಳಸುತ್ತದೆ. ಸಂತೋಷದ ವಾಕ್ಯದಲ್ಲಾದರೋ ‘ಬಂದದ್ದು’ ಎಂಬ ನಾಮರೂಪ ಬರುತ್ತದೆ. ಕನ್ನಡ ಗೆರೆಯೆಳೆಯುವುದು ಎರಡನೆಯ ಮತ್ತು ಮೂರನೆಯ ವಾಕ್ಯಗಳ ನಡುವೆ. ಇಟಾಲಿಯನ್ ಗೆರೆಯೆಳೆಯುವುದು ಮೊದಲನೆಯ ಮತ್ತು ಎರಡನೆಯದರ ನಡುವೆ. ಕನ್ನಡಿಗ ಕಲಿಕೆದಾರನು ಕಲಿಯಬೇಕಾದುದು ‘ಸೀಯ’ ಎಂಬ ರೂಪಕ್ಕಿಂತ ಹೆಚ್ಚಾಗಿ ಈ ಸ್ಥಳಾಂತರಗೊಂಡ ಗೆರೆಯನ್ನು. ಯಾವ ಪಟ್ಟಿಯೂ ಇದನ್ನು ಹೇಳಲಾರದು. ಕಾಲ, ಸ್ಥಿತಿ ಮತ್ತು ಕ್ರಿಯಾರ್ಥಗಳಲ್ಲಿ ಯಾವುದಕ್ಕೆ ಪ್ರಾಧಾನ್ಯವೆಂಬುದರಲ್ಲಿ ಭಾಷೆಗಳು ಭಿನ್ನವಾಗುತ್ತವೆಯೆಂದು ಶಂಕರ ಭಟ್ ಅವರು 1999ರ ತಮ್ಮ ಗ್ರಂಥದಲ್ಲಿ ವಾದಿಸಿದ್ದರು. ಬೋಧನೆಯಲ್ಲಿ ಈ ಭೇದವನ್ನು ವರ್ಗಗಳ ಹೆಸರಿನಲ್ಲಲ್ಲ, ವಾಕ್ಯಜೋಡಿಗಳಲ್ಲಿ ಹುಡುಕಬೇಕು.

ತೊಡಕಿಗೆ ಇನ್ನೊಂದು ಕಾರಣ ರೂಪಸಾಮ್ಯ. ‘ಪಾರ್ಲಾರೆ’ (ಮಾತನಾಡು) ಎಂಬ ಕ್ರಿಯಾಪದದ ವರ್ತಮಾನದ ಆರು ಸ್ಥಾನಗಳಲ್ಲಿ ಎರಡರಲ್ಲಿ, ಎಂದರೆ ‘ಪಾರ್ಲಿ’ (ನೀನು) ಮತ್ತು ‘ಪಾರ್ಲ್ಯಾಮೊ’ (ನಾವು) ಎಂಬಲ್ಲಿ, ನಿಶ್ಚಯಾರ್ಥಕ್ಕೂ ಕೊಂಜುಂತೀವೊಗೂ ಭೇದವೇ ಇಲ್ಲ. ‘-ಯಾಮೊ’ ಅಂತ್ಯವು ಮೂಲತಃ ಕೊಂಜುಂತೀವೊದ್ದಾಗಿದ್ದು, ಫ್ಲಾರೆನ್ಸಿನ ಭಾಷೆಯಲ್ಲಿ ನಿಶ್ಚಯಾರ್ಥಕ್ಕೂ ಹಬ್ಬಿತು. ಕೊಂಜುಂತೀವೊದ ಏಕವಚನದಲ್ಲಿ ಮೂರೂ ಪುರುಷಗಳಿಗೆ ಒಂದೇ ರೂಪ. ಕೇಳಿದ ಮಾತಿನಿಂದ ಭೇದವನ್ನು ಹೆಕ್ಕಿಕೊಳ್ಳಬೇಕಾದವನಿಗೆ ಸಿಗುವ ಸಾಕ್ಷ್ಯ ಹೀಗೆ ತೆಳುವಾಗಿದೆ.

4. ಯಾವುದು ತಪ್ಪು?

ಪಾವಿಯಾ ವಿಶ್ವವಿದ್ಯಾಲಯವನ್ನು ಕೇಂದ್ರವಾಗಿಟ್ಟುಕೊಂಡು ಅನ್ನಾ ಜಾಕಲೋನೆ ರಮಾತ್ ಮತ್ತು ಸಂಗಡಿಗರು ಇಟಲಿಯ ವಲಸಿಗರ ಭಾಷಾಕಲಿಕೆಯನ್ನು ದೀರ್ಘಕಾಲ ಅಧ್ಯಯನ ಮಾಡಿದರು. ಅದರ ಫಲಿತಗಳು 2003ರ ಸಂಪುಟದಲ್ಲಿ ಸಂಗ್ರಹಗೊಂಡಿವೆ. ಅಲ್ಲಿ ಗುರುತಿಸಿದ ಕ್ರಮದಲ್ಲಿ ಮೊದಲು ವರ್ತಮಾನ, ಆಮೇಲೆ ಭೂತಕೃದಂತ, ಅನಂತರ ಅಪೂರ್ಣ ಭೂತ, ತರುವಾಯ ಭವಿಷ್ಯತ್ತು, ಕೊನೆಗೆ ಷರತ್ತರ್ಥ ಮತ್ತು ಕೊಂಜುಂತೀವೊ. ಇದು ಹೆಚ್ಚಾಗಿ ತರಗತಿಯ ಹೊರಗಿನ ಕಲಿಕೆಯ ಚಿತ್ರ; ಇದನ್ನೇ ಪಠ್ಯಕ್ರಮವನ್ನಾಗಿ ಪರಿವರ್ತಿಸಬೇಕೆಂದು ನಾವು ಹೇಳುತ್ತಿಲ್ಲ. ಆದರೆ ಕ್ರಿಯಾರ್ಥದ ಭೇದ ತಡವಾಗಿ ನೆಲೆಗೊಳ್ಳುವುದನ್ನು ಕಲಿಕೆದಾರನ ಅಲಕ್ಷ್ಯವೆಂದು ಅಳೆಯುವುದು ಅನ್ಯಾಯವೆಂದು ಮಾತ್ರ ಇದರಿಂದ ಸಿದ್ಧವಾಗುತ್ತದೆ.

ಈ ಅನ್ಯಾಯ ಅತಿ ಸ್ಪಷ್ಟವಾಗಿ ಕಾಣುವುದು ಷರತ್ತಿನ ವಾಕ್ಯದಲ್ಲಿ. ‘ಗೊತ್ತಿದ್ದರೆ ಬರುತ್ತಿದ್ದೆ’ ಎಂಬುದಕ್ಕೆ ಪಠ್ಯಗಳು ಒಪ್ಪುವ ವಾಕ್ಯ ‘ಸೆ ಲೊ ಅವೆಸ್ಸಿ ಸಪೂತೊ, ಸರೇಯಿ ವೆನೂತೊ’. ಇದರಲ್ಲಿ ಕೊಂಜುಂತೀವೊದ ಪೂರ್ಣಭೂತವೂ ಷರತ್ತರ್ಥದ ಭೂತರೂಪವೂ ಬೇಕು. ಇಟಾಲಿಯನ್ನರ ಆಡುಮಾತಿನಲ್ಲಿ ವ್ಯಾಪಕವಾಗಿರುವುದು ‘ಸೆ ಲೊ ಸಪೇವೊ, ವೆನೀವೊ’. ಎರಡೂ ಕಡೆ ನಿಶ್ಚಯಾರ್ಥದ ಅಪೂರ್ಣ ಭೂತ. 1985ರಲ್ಲಿ ಸಬಾತೀನಿ, 1987ರಲ್ಲಿ ಬೆರ್ರೂತೊ ಸಮಕಾಲೀನ ಇಟಾಲಿಯನ್ನಿನ ಲಕ್ಷಣಗಳನ್ನು ವಿವರಿಸಿದಾಗ ಇಂತಹ ಬಳಕೆಗಳಿಗೆ ವಿದ್ವತ್ತಿನ ಮನ್ನಣೆ ದೊರೆಯಿತು. ಷರತ್ತಿನ ಭಾಗದಲ್ಲಿ ಅಪೂರ್ಣ ಭೂತವು ಮಾನ್ಝೋನಿಯ ಕಾದಂಬರಿಯಲ್ಲಿಯೂ ಬರುತ್ತದೆ. ಇದು ನಿನ್ನೆಯ ಅಪಭ್ರಂಶವಲ್ಲ.

ಕನ್ನಡದ ‘ಬರುತ್ತಿದ್ದೆ’ ಎಂಬುದೂ ರೂಪದಲ್ಲಿ ಅಪೂರ್ಣ ಭೂತವೇ. ನಡೆಯದೆ ಹೋದುದನ್ನು ಹೇಳಲು ಭೂತಕಾಲದ ಮುಗಿಯದ ಕ್ರಿಯೆಯನ್ನು ಬಳಸುವ ತರ್ಕ ಎರಡು ಭಾಷೆಗಳಿಗೂ ಸಮಾನ. ಆದುದರಿಂದ ಕನ್ನಡಿಗ ‘ವೆನೀವೊ’ ಎಂದು ಬರೆದರೆ ಅಚ್ಚರಿಪಡಬೇಕಿಲ್ಲ. ಅವನ ಉತ್ತರಕ್ಕೆ ಕೆಂಪು ಗೀಟು ಎಳೆಯುವ ಪರೀಕ್ಷಕನು ಸ್ಥಳೀಯ ಭಾಷಿಕರು ದಿನನಿತ್ಯ ಆಡುವ, ಕಲಿಕೆದಾರನಿಗೆ ಸುಲಭವಾಗಿ ಎಟುಕುವ ವಾಕ್ಯವನ್ನು ಅಳಿಸುತ್ತಿರುತ್ತಾನೆ. ಹೇಳಬೇಕಾದುದು ‘ಇದು ತಪ್ಪು’ ಎಂದಲ್ಲ, ‘ಇದು ಆಡುಮಾತಿಗೆ ಸಲ್ಲುತ್ತದೆ, ಔಪಚಾರಿಕ ಬರವಣಿಗೆಗೆ ಇನ್ನೊಂದು ರೂಪ ಬೇಕು’ ಎಂದು.

5. ಉಪಸಂಹಾರ

ಪಟ್ಟಿಗಳನ್ನು ಕೈಬಿಡಬೇಕೆಂಬುದು ನಮ್ಮ ನಿಲುವಲ್ಲ. ಸಾಹಿತ್ಯ ಓದುವವನಿಗೆ ಎಲ್ಲ ರೂಪಗಳೂ ಬೇಕು. ಮರೆತಾಗ ನೋಡಲು ಪಟ್ಟಿಗಿಂತ ಉತ್ತಮ ಸಾಧನವಿಲ್ಲ. ಪಾಠದ ಕ್ರಮವನ್ನು ಮಾತ್ರ ಅದರಿಂದ ಬಿಡಿಸಿಕೊಳ್ಳಬೇಕು. ‘ಸ್ಕೂಜಿ’ (ಕ್ಷಮಿಸಿ), ‘ಸೆಂತ’ (ಕೇಳಿ), ‘ಮಿ ದೀಕ’ (ಹೇಳಿ) ಎಂಬ ಗೌರವದ ಮಾತುಗಳನ್ನು ಕಲಿಕೆದಾರ ಮೊದಲ ವಾರದಲ್ಲಿಯೇ ಕೇಳುತ್ತಾನೆ. ಇವೆಲ್ಲ ಕೊಂಜುಂತೀವೊದ ರೂಪಗಳು. ‘ವೊರ್ರೇಯಿ’ (ನನಗೆ ಬೇಕಾಗಿತ್ತು) ಎಂದು ಕಾಫಿ ಕೇಳುವವನು ಷರತ್ತರ್ಥವನ್ನು ಆಗಲೇ ನುಡಿದಿರುತ್ತಾನೆ. ಇಡಿಯಾಗಿ ಬಂದ ಈ ನುಡಿಗಳಿಂದ ಹೊರಟು, ‘ನಾನು’ ರೂಪದ ಪ್ರಕೃತಿಯನ್ನು ಹಿಡಿದು, ವಾಕ್ಯಜೋಡಿಗಳ ಮೂಲಕ ಆಯ್ಕೆಯ ಗೆರೆಯನ್ನು ತಲುಪುವ ಹಾದಿ ಸಾಧ್ಯವಿದೆ. ಕನ್ನಡಿಗ ಕಲಿಕೆದಾರರಲ್ಲಿ ನಾವು ಊಹಿಸಿರುವ ತೊಡಕುಗಳು ರಚನಾತ್ಮಕ ಹೋಲಿಕೆಯಿಂದ ಪಡೆದವು. ಅವನ್ನು ಕಲಿಕೆದಾರರ ಬರವಣಿಗೆ ಮತ್ತು ಮಾತಿನ ಸಾಮಗ್ರಿಯ ಮೇಲೆ ಪರೀಕ್ಷಿಸುವುದು ಮುಂದಿನ ಸಂಶೋಧನೆಯ ಕೆಲಸ.