ಒಂದೇ ಕಥೆ, ಎರಡು ಮೇಳ

ಕಾರ್ಟೂನ್ ಅಂದ್ರ ಎಲ್ಲಾ ಒಂದ, ಹುಡುಗರ ಕಣ್ಣು ಕೆಡಿಸೋ ವಸ್ತು ಅಂತ ನಮ್ಮೂರ ಕಟ್ಟಿ ಮ್ಯಾಲೆ ಕುಂತವರು ಹೇಳತಾರ. ಶಾಲೆಯ ಗುರುಗಳಲ್ಲಿ ಕೆಲವರೂ ಇದೇ ಮಾತು ಆಡತಾರ. ನಾನು ಇದನ್ನ ಒಪ್ಪೂದಿಲ್ಲ. ಪದ ಅಂದ್ರ ಎಲ್ಲಾ ಒಂದೇ ಅಂತ ಯಾರಾದರೂ ನನ್ನ ಮುಂದ ಹೇಳಿದರ ನಾನು ಸುಮ್ಮನಿರತೀನೇನು? ಸೋಬಾನ ಪದ ಬ್ಯಾರೆ, ಡೊಳ್ಳಿನ ಪದ ಬ್ಯಾರೆ, ಮೊಹರಮ್ಮಿನ ರಿವಾಯತ ಬ್ಯಾರೆ. ಹಂಗೇ ಕಾರ್ಟೂನಿನಲ್ಲೂ ಮನೆತನಗಳದಾವ. ಅದರಾಗ ದೊಡ್ಡ ಮನೆತನ ಎರಡು, ಅಮೆರಿಕದ್ದೊಂದು, ಜಪಾನದ್ದೊಂದು. ಜಪಾನದ್ದಕ್ಕ ಹುಡುಗರು ಅನಿಮೆ ಅಂತ ಕರೀತಾರ.

ನಾನು ಗೀಗೀ ಹಾಡುವವನು. ನಮ್ಮ ಜತ್ತ, ಅಕ್ಕಲಕೋಟ ಭಾಗದಲ್ಲಿ ಹರದೇಶಿ ಮೇಳ, ನಾಗೇಶಿ ಮೇಳ ಎದುರಾಬದುರಾ ಕುಂತು ಬೆಳತನಕ ಸವಾಲ್-ಜವಾಬ ಹಾಡೂದು ಓದುಗರಿಗೆ ಹೊಸಾದಲ್ಲ. ನಮ್ಮ ಮಗ್ಗಲದ ಮರಾಠಿ ಶಾಹೀರರು ಇದನ್ನೇ ಕಲ್ಗಿ-ತುರಾ ಅಂತಾರ. ಎರಡು ಮೇಳ ತೂಗಬೇಕಾದರ ಒಂದೇ ಕಥೆ ಇಬ್ಬರಿಗೂ ಕೊಟ್ಟು ಕೇಳಬೇಕು. ಒಬ್ಬರು ಕೃಷ್ಣಪಾರಿಜಾತ ಹಾಡಿ, ಇನ್ನೊಬ್ಬರು ಸಂಗ್ಯಾ-ಬಾಳ್ಯಾ ಹಾಡಿದರ ತೂಕ ಹತ್ತೂದಿಲ್ಲ. ನಮ್ಮ ಪುಣ್ಯಾಕ್ಕ ಕಾರ್ಟೂನಿನವರಲ್ಲೂ ಹಂಥಾದೊಂದು ಕಥೆ ಅದ. ಅದು ಮೋಗ್ಲಿ ಕಥೆ, ಜಂಗಲ್ ಬುಕ್.

ಈ ಕಥೆಯ ತಿರುಗಾಟವೇ ಒಂದು ಮೋಜು. ಬರೆದವನು ರುಡ್ಯಾರ್ಡ್ ಕಿಪ್ಲಿಂಗ್, 1865ರಲ್ಲಿ ಮುಂಬಯಿಯಲ್ಲಿ ಹುಟ್ಟಿದ ಇಂಗ್ಲಿಷಿನವ. ಕಾಡು ನಮ್ಮ ಮಧ್ಯಪ್ರದೇಶದ ಸಿವನಿ ಕಡೆಯದು. ಬರೆದದ್ದು ಮಾತ್ರ ಅಮೆರಿಕದ ವರ್ಮಾಂಟ್‌ನ ಥಂಡಿಯೊಳಗ ಕುಂತು. ಪುಸ್ತಕ ಹೊರಬಿದ್ದದ್ದು 1894ರಲ್ಲಿ. 1967ರಲ್ಲಿ ಅಮೆರಿಕದ ಡಿಸ್ನಿ ಕಂಪನಿ ಅದನ್ನ ಸಿನಿಮಾ ಮಾಡಿತು. 1989ರಲ್ಲಿ ಜಪಾನದ ನಿಪ್ಪಾನ್ ಅನಿಮೇಶನ್ ಅನ್ನುವವರು ಅದನ್ನೇ 52 ಕಂತಿನ ಟೀವಿ ಧಾರಾವಾಹಿ ಮಾಡಿದರು. ರವಿವಾರ ಮುಂಜಾನೆ ದೂರದರ್ಶನದಲ್ಲಿ ಹಿಂದಿಯೊಳಗ ಬರತಿದ್ದ ಆ ಮೋಗ್ಲಿ ಇವನೇ, ಈ ಜಪಾನಿನವನೇ. ಗುಲ್ಜಾರರು ಬರೆದು ವಿಶಾಲ್ ಭಾರದ್ವಾಜ್ ರಾಗ ಕಟ್ಟಿದ ಹಾಡು ಅದರ ಮೊದಲಿಗೆ ಬರತಿತ್ತು. ಹುಲಿಗೆ ದನಿ ಕೊಟ್ಟವರು ನಾನಾ ಪಾಟೇಕರ್. ಹಾಡೂ ನಮ್ಮದು, ಹುಲಿಯ ಗಂಟಲೂ ನಮ್ಮದು ಆದದ್ದರಿಂದ ಮಂದಿ ಅದನ್ನ ನಮ್ಮ ದೇಶದ್ದೇ ಅಂದುಕೊಂಡರು. ಇವತ್ತಿಗೂ ನಮ್ಮೂರಾಗ ಅದು ಜಪಾನದ್ದು ಅಂದ್ರ ನಗತಾರ.

ಈಗ ಎರಡನ್ನೂ ಎದುರಿಗಿಟ್ಟು ನೋಡೋಣ. ಡಿಸ್ನಿ ಸಿನಿಮಾ 78 ನಿಮಿಷದ್ದು. ಅದರಲ್ಲಿ ಕೂಸು ಸಿಕ್ಕಿ, ತೋಳದ ಮನೆಗೆ ಸೇರಿ, ಹತ್ತು ವರ್ಷದವನಾಗಿ, ಹುಲಿ ಬಂತು ಅಂತ ತೋಳಗಳು ಪಂಚಾಯ್ತಿ ಕೂಡಿ ಇವನನ್ನ ಊರಿಗೆ ಕಳಿಸಬೇಕು ಅಂತ ನಿರ್ಣಯ ಮಾಡೂದು ಎಲ್ಲಾ ಮೊದಲ ಕೆಲವೇ ನಿಮಿಷದಾಗ ಮುಗೀತದ. ಆಮ್ಯಾಲೆ ತೋಳಗಳ ಸುದ್ದೀನೇ ಇಲ್ಲ. ಹಾಲು ಕೊಟ್ಟ ತಾಯಿ ಎಲ್ಲಿ ಹೋದಳು, ಅಣ್ಣತಮ್ಮರು ಎಲ್ಲಿ ಹೋದರು, ಒಬ್ಬರೂ ಕೇಳೂದಿಲ್ಲ. ಮೋಗ್ಲಿಯೂ ಕೇಳೂದಿಲ್ಲ. ನನಗ ಇದು ಗಂಟಲಲ್ಲಿ ಸಿಕ್ಕೊಂಡ ಮುಳ್ಳಿನಂಗ ಅನಸತದ. ದತ್ತಕ ಬಂದ ಮಗನ ಕಥೆ ಹಾಡುವಾಗ ಸಾಕಿದ ತಾಯಿಯನ್ನ ಪಲ್ಲವಿಯಲ್ಲೇ ಬಿಟ್ಟುಬಿಟ್ಟರ ನಮ್ಮ ಹೆಣ್ಣುಮಕ್ಕಳು ಎದ್ದು ಹೋಗತಾರ.

ಜಪಾನದವರು ಇಲ್ಲೇ ಗೆದ್ದರು. ಅವರ ಮೋಗ್ಲಿಗೆ ತೋಳದ ತಾಯಿ ಅದಾಳ, ತಂದಿ ಅದಾನ, ಒಡಹುಟ್ಟಿದವರು ಅದಾರ, ಒಬ್ಬೊಬ್ಬರಿಗೂ ಹೆಸರು, ಸ್ವಭಾವ. ಅವನಿಗೆ ಬುದ್ಧಿ ಬರೂದು ಒಂದೇ ದಿನಕ್ಕಲ್ಲ, ವಾರವಾರಕ್ಕ ಬರತದ. 52 ಕಂತು ಕೂಡಿಸಿದರ ಹೆಚ್ಚುಕಡಿಮೆ ಇಪ್ಪತ್ತು ತಾಸಿನ ಮಾತು. ಹಂಥಾ ದೊಡ್ಡ ಹೊಲ ಕೈಯಾಗಿದ್ದರ ಬದುವಿನ ಮ್ಯಾಲೂ ನಾಕು ಸಾಲು ತೊಗರಿ ಹಾಕಬಹುದು. ಹೆಬ್ಬಾವಿನದೇ ನೋಡ್ರಿ. ಕಿಪ್ಲಿಂಗನ ಪುಸ್ತಕದಲ್ಲಿ ಕಾ ಅನ್ನುವ ಹೆಬ್ಬಾವು ಮೋಗ್ಲಿಯನ್ನ ಮಂಗ್ಯಾಗಳ ಕೈಯಿಂದ ಬಿಡಿಸಿದ ಗೆಳೆಯ, ವಯಸ್ಸಾದ ಜ್ಞಾನಿ. ಜಪಾನದವರು ಅವನ ಹಿರಿತನ ಉಳಿಸಿಕೊಂಡರು. ಡಿಸ್ನಿಯವರು ಅವನನ್ನ ಕಣ್ಣು ತಿರುಗಿಸಿ ಹುಡುಗನನ್ನ ನುಂಗಾಕ ನೋಡೂ ಹಾಸ್ಯಗಾರ ಮಾಡಿಬಿಟ್ಟರು. ಹಾವು ಅಂದ್ರ ಕೆಟ್ಟದ್ದು ಅನ್ನೂದು ಅವರ ಕಡೆಯ ನಂಬಿಕೆ ಇರಬೇಕು. ನಾಗಪಂಚಮಿಗೆ ಹಾಲೆರೆಯುವ ನಮಗ ಅದು ಸೇರೂದಿಲ್ಲ.

ರೈತನಾಗಿ ನನ್ನದು ಇನ್ನೂ ಒಂದು ತಕರಾರು. ಪುಸ್ತಕದಲ್ಲಿ ಮೋಗ್ಲಿ ಊರಿಗೆ ಬಂದು ಎಮ್ಮಿ ಕಾಯತಾನ. ಹುಲಿ ಹೊಟ್ಟಿ ತುಂಬಾ ತಿಂದು ಹಳ್ಳದಾಗ ಮಲಗಿದಾಗ, ಇವನು ಎಮ್ಮಿ ಹಿಂಡನ್ನ ಎರಡು ಪಾಲು ಮಾಡಿ ಎರಡೂ ಕಡಿಯಿಂದ ಹೊಡಕೊಂಡು ಬಂದು ಹುಲಿಯನ್ನ ತುಳಿಸತಾನ. ದನ ಕಾದವನಿಗೆ ಮಾತ್ರ ಹೊಳೆಯೋ ಉಪಾಯ ಅದು. ಡಿಸ್ನಿಯವರು ಇದನ್ನ ಪೂರಾ ಕೈಬಿಟ್ಟು, ಸಿಡಿಲು ಬಡಿದು ಹತ್ತಿದ ಕೊಂಬೆಯನ್ನ ಹುಲಿಯ ಬಾಲಕ್ಕ ಕಟ್ಟಿ ಓಡಿಸಿದರು. ವಾಲ್ಟ್ ಡಿಸ್ನಿ ತನ್ನ ಕಥೆಗಾರನ ಕೈಯಾಗ ಪುಸ್ತಕ ಕೊಟ್ಟು, ಇದನ್ನ ಓದಬ್ಯಾಡ ಅಂತ ಹೇಳಿದ್ದನಂತೆ. ಹೇಳಿದ್ದು ಖರೆ ಇರಬೇಕು, ಸಿನಿಮಾ ನೋಡಿದರ ಹಂಗೇ ಕಾಣತದ.

ಹಂಗಾದರ ಅಮೆರಿಕದ ಮೇಳಕ್ಕ ಬಲ ಎಲ್ಲೈತಿ? ತಾಳದಾಗೈತಿ. ಇದನ್ನ ಹಾಡುವವನೇ ಹೇಳಬೇಕು. ಸಿನಿಮಾದಾಗ ಒಂದು ಸೆಕೆಂಡಿಗೆ 24 ಚೌಕಟ್ಟು ಓಡತಾವ. ಡಿಸ್ನಿಯವರು ಆ 24ಕ್ಕೂ ಒಂದೊಂದು ಚಿತ್ರ, ಇಲ್ಲಾ ಎರಡು ಚೌಕಟ್ಟಿಗೆ ಒಂದು ಚಿತ್ರ ಅಂತ ಬರೆಸತಿದ್ದರು. ಅದಕ್ಕ ಬಾಲೂ ಕರಡಿ ಗಿಡಕ್ಕ ಬೆನ್ನು ತಿಕ್ಕಿಕೊಂತ ಕುಣಿದರ ಅವನ ಹೊಟ್ಟಿ, ತೊಡಿ, ಕೆಳತುಟಿ ಎಲ್ಲಾ ಬ್ಯಾರೆ ಬ್ಯಾರೆ ಲಯದಾಗ ಅಲ್ಲಾಡತಾವ. ಹಾಡೂ ಹಂಗೇ ಘಟ್ಟಿ. ಮಂಗ್ಯಾಗಳ ರಾಜಾ ಲೂಯಿ ಪುಸ್ತಕದಲ್ಲಿ ಇಲ್ಲವೇ ಇಲ್ಲ. ಲೂಯಿ ಪ್ರೀಮಾ ಅನ್ನುವ ಜಾಝ್ ಹಾಡುಗಾರನಿಗೆ ಅಂತಲೇ ಕಟ್ಟಿದಂಥ ಪಾತ್ರ ಅದು. ಅಲ್ಲಿ ಸವಾಲು ಒಬ್ಬ ಹಾಕತಾನ, ಜವಾಬು ಇನ್ನೊಬ್ಬ ಕೊಡತಾನ, ಹಿಮ್ಮೇಳ ಎತ್ತಿಕೊಳ್ಳತದ. ಮಾತು ತಿಳಿಯದಿದ್ದರೂ ನನ್ನ ಕೈ ತಾನೇ ದಪ್ಪಿನ ಕಡೆ ಹೋಗತದ.

ಟಾಮ್ ಅಂಡ್ ಜೆರ್ರಿಯಲ್ಲಂತೂ ಈ ತಾಳ ಇನ್ನೂ ಚೂಪು. 1940ರಿಂದ ಹಾನಾ ಮತ್ತು ಬಾರ್ಬೆರಾ ಅನ್ನುವ ಇಬ್ಬರು ಮಾಡಿದ್ದು. ವಾದ್ಯ ಕೂಡಿಸಿದವನು ಸ್ಕಾಟ್ ಬ್ರಾಡ್ಲಿ. ಬೆಕ್ಕು ಕಳ್ಳಹೆಜ್ಜಿ ಇಟ್ಟರ ತಂತಿ ಮಿಡೀತದ, ಇಲಿ ಓಡಿದರ ಪಿಯಾನೋ ಓಡತದ, ತಾಟು ಬಿದ್ದರ ಅದೂ ತಾಳಕ್ಕ ಬೀಳತದ. ಮಾತು ಇಲ್ಲ ಅನ್ನುವಷ್ಟು ಕಡಿಮೆ. ಅದಕ್ಕ ಕನ್ನಡದ ಕೂಸೂ ನಗತದ, ಮರಾಠಿ ಕೂಸೂ ನಗತದ. ಬೆಕ್ಕು ರೊಟ್ಟಿಯಂಗ ಚಪ್ಪಟಾಗಿ ಮತ್ತೆ ಎದ್ದು ಕುಂದರತದ. ಅಲ್ಲಿ ಯಾರೂ ಸಾಯೂದಿಲ್ಲ. ಏಳು ನಿಮಿಷದ ಆಟಕ್ಕ ಅದು ಸಾಕು.

ಆದರ ಸಾವು ಬಂದಾಗ ಇವರ ಮೇಳ ತಡವರಿಸತದ. 1942ರ ಬ್ಯಾಂಬಿ ನೋಡ್ರಿ. ಮಂಜಿನೊಳಗ ಬೇಟೆಗಾರನ ಗುಂಡಿಗೆ ಜಿಂಕಿ ಮರಿಯ ತಾಯಿ ಸಾಯತದ. ಗುಂಡಿನ ಸಪ್ಪಳ ಮಾತ್ರ ಕೇಳಸ್ತದ, ಮರಿ ಅವ್ವಾ ಅವ್ವಾ ಅಂತ ಒದರಿಕೊಂಡು ತಿರುಗತದ. ಅಲ್ಲೀತನಕ ಎಷ್ಟು ಚಂದ! ಅದರ ಬೆನ್ನಿಗೇ ವಸಂತ ಬಂತು ಅಂತ ಹಕ್ಕಿಗಳ ಹಾಡು. 1994ರ ಲಯನ್ ಕಿಂಗ್‌ನಲ್ಲೂ ಹಂಗೇ. ಮಗನ ಕಣ್ಣೆದುರಿಗೇ ತಂದಿ ಸಿಂಹ ಸತ್ತಿರತಾನ, ಸ್ವಲ್ಪ ಹೊತ್ತಿಗೇ ಮುಂಗಸಿ ಮತ್ತು ಹಂದಿ ಕೂಡಿ ಚಿಂತಿ ಬಿಡು ಅನ್ನೂ ಹಾಡು ಕಲಿಸತಾವ, ಆ ಹಾಡು ಮುಗಿಯೂದರೊಳಗ ಮರಿ ದೊಡ್ಡದಾಗಿಬಿಡತದ. ಮೊಹರಮ್ಮಿನ ರಿವಾಯತ ಹಾಡುವವರು ಕರ್ಬಲಾದ ದುಃಖ ರಾತ್ರಿಪೂರಾ ಹಿಡಕೊಂಡು ಕುಂದರತಾರ. ಕೇಳುವವರ ಕಣ್ಣೀರು ಒಂದು ಸಲ ಒಣಗಿ ಮತ್ತೊಂದು ಸಲ ಬರೂ ತನಕ ರಾಗ ಬದಲಿಸೂದಿಲ್ಲ. ಅಳುವ ಕೂಸಿನ ಕೈಯಾಗ ಬತ್ತಾಸ ಕೊಟ್ಟರ ಅಳು ನಿಲ್ಲತದ, ಒಳಗಿನದು ಒಳಗೇ ಉಳೀತದ.

ಇಲ್ಲಿ ಒಂದು ಮಾತು ಹೇಳಬೇಕು. ಜಪಾನದ ಮೇಳ ಆಕಾಶದಿಂದ ಬಿದ್ದದ್ದಲ್ಲ, ಅಮೆರಿಕದ ಶಿಷ್ಯನೇ. ಅವರ ದೊಡ್ಡ ಗುರು ಒಸಾಮು ತೆಜುಕಾ ಬ್ಯಾಂಬಿಯನ್ನ ಎಂಬತ್ತಕ್ಕಿಂತ ಹೆಚ್ಚು ಸಲ ನೋಡಿದ್ದನಂತೆ, ಅದರ ಚಿತ್ರಕಥೆಯ ಪುಸ್ತಕವನ್ನೂ ಬರೆದ. 1963ರಲ್ಲಿ ಅವನು ಆಸ್ಟ್ರೋ ಬಾಯ್ ಅನ್ನುವ ಧಾರಾವಾಹಿ ಟೀವಿಗೆ ತಂದಾಗ ಕೈಯಾಗ ರೊಕ್ಕ ಇಲ್ಲ, ವಾರಕ್ಕೊಂದು ಕಂತು ಕೊಡಬೇಕು. ಡಿಸ್ನಿಯಂಗ ಚಿತ್ರ ಬರೀತೀನಂದ್ರ ಹೆಂಗ ಆಗತದ? ಅದಕ್ಕ ಚಿತ್ರ ಕಡಿಮೆ ಮಾಡಿದ. ಮುಖ ಹಂಗೇ ಇಟ್ಟು ಬಾಯಿ ಮಾತ್ರ ಅಲ್ಲಾಡಿಸಿದ, ಬರೆದದ್ದನ್ನೇ ಮತ್ತೆ ಮತ್ತೆ ಬಳಸಿದ. (ಬಳಸೂದು ಡಿಸ್ನಿಯವರಿಗೂ ಗೊತ್ತಿತ್ತು. ತೋಳದ ಮರಿಗಳು ಮೋಗ್ಲಿಯನ್ನ ನೆಕ್ಕುವ ಚಿತ್ರ, ಅದಕ್ಕೂ ಮೊದಲಿನ ಸಿನಿಮಾದಾಗ ನಾಯಿಗಳು ಇನ್ನೊಬ್ಬ ಹುಡುಗನನ್ನ ನೆಕ್ಕಿದ್ದೇ!) ಬಡತನದಿಂದ ಬಂದ ಈ ಪದ್ಧತಿ ಜಪಾನದವರಿಗೆ ಒಂದು ಹೊಸಾ ಶಕ್ತಿ ಕೊಟ್ಟಿತು. ಚಿತ್ರ ನಿಂತಾಗ ನೋಡುವವನ ಮನಸ್ಸು ನಡೀತದ. ನಮ್ಮ ಮೇಳದಾಗ ಮೂರೇ ಮಂದಿ, ಒಂದು ದಪ್ಪು, ಒಂದು ತುಂತುಣಿ, ಒಂದು ಜೋಡು ತಾಳ. ಮುಮ್ಮೇಳದವನು ಸಾಲು ಬಿಟ್ಟು ನಿಂತಾಗ ತುಂತುಣಿ ಒಂದೇ ಮಿಡೀತಿರತದ. ಕಥೆ ಕೇಳುವವರ ಎದಿಯೊಳಗ ಇಳಿಯೂದು ಆ ಹೊತ್ತಿನಾಗೇ.

ಈ ನಿಂತ ಹೊತ್ತನ್ನ ಪೂರಾ ಬಲ್ಲವನು ಹಯಾವೊ ಮಿಯಾಜಾಕಿ. 1988ರ ಅವನ ಟೊಟೊರೊ ಸಿನಿಮಾವನ್ನ ಮೊಮ್ಮಗ ತನ್ನ ಫೋನಿನಲ್ಲಿ ತೋರಿಸಿ, ಮುತ್ಯಾ ಇದರಾಗ ಹೊಲಾ ಅದಾವ ಅಂದ. ಖರೇನೇ ಹೊಲಾ ಅದಾವ. ಭತ್ತದ ಗದ್ದಿ, ಹರಿಯೋ ನೀರಿನಾಗ ತಂಪಿಗಿಟ್ಟ ಸೌತಿಕಾಯಿ, ತ್ವಾಟದಾಗ ದುಡಿಯೋ ಮುದುಕಿ. ಎರಡು ಹೆಣ್ಣುಮಕ್ಕಳು, ತಾಯಿ ದವಾಖಾನೆಯಲ್ಲಿ. ಕಥೆಯಲ್ಲಿ ಕೆಟ್ಟವನೇ ಇಲ್ಲ! ಇಬ್ಬರು ಹುಡುಗಿಯರು ಮಳಿಯೊಳಗ ಛತ್ರಿ ಹಿಡಕೊಂಡು ಬಸ್ಸಿಗೆ ಕಾಯತಾರ, ಸಣ್ಣಾಕಿ ಅಕ್ಕನ ಬೆನ್ನ ಮ್ಯಾಲೆ ನಿದ್ದಿ ಹೋಗತಾಳ, ಛತ್ರಿ ಮ್ಯಾಲೆ ಹನಿ ಬೀಳತಾವ. ಎಷ್ಟೋ ಹೊತ್ತು ಅಷ್ಟೇ. ಆಮ್ಯಾಲೆ ಸಣ್ಣಾಕಿ ತಾಯಿಗೆ ಅಂತ ಒಂದು ಗೋಂಜಾಳ ತೆನಿ ಎದಿಗೆ ಅವಚಿಕೊಂಡು ಒಬ್ಬಾಕೇ ಹೊಂಟು ದಾರಿ ತಪ್ಪತಾಳ. ಕೆರಿಯೊಳಗ ಸಣ್ಣ ಚಪ್ಪಲಿ ಸಿಕ್ಕಿತು ಅಂತ ಊರ ಮಂದಿ ಉದ್ದನ ಬಿದಿರು ಹಿಡಕೊಂಡು ನೀರು ಕೆದಕತಾರ, ಮುದುಕಿ ಕೈ ಮುಗದು ಬೇಡಿಕೋತಾಳ. ನಮ್ಮೂರ ಕೆರಿ ದಂಡಿಗೆ ಹಂಗ ನಿಂತವರನ್ನ ನಾನು ನೋಡೀನಿ. ಹುಡುಗರ ಸಿನಿಮಾದಾಗ ಆ ದಂಡಿಯನ್ನ ಇಟ್ಟು, ಹುಡುಗರು ಹೆದರದಂಗ ದಾಟಿಸಿದ್ದಾನಲ್ಲ, ಅವನೇ ಹಾಡುಗಾರ.

ಜಪಾನದ್ದೆಲ್ಲಾ ಬಂಗಾರ ಅಂತ ತಿಳಕೋಬ್ಯಾಡ್ರಿ. ಡೋರೆಮಾನ್‌ದಾಗ ನೋಬಿತಾ ಅಳತಾನ, ಬೆಕ್ಕು ಚೀಲದಿಂದ ಏನೋ ಒಂದು ತಗೀತದ, ಇವನು ಅದನ್ನ ಕೆಡಿಸತಾನ. ನಾಳೆ ಮತ್ತೆ ಅದೇ. ಡ್ರ್ಯಾಗನ್ ಬಾಲ್‌ದಾಗ ಐದು ನಿಮಿಷಕ್ಕ ಗ್ರಹ ಸಿಡೀತದ ಅಂತ ಹೇಳಿ, ಆ ಐದು ನಿಮಿಷವನ್ನ ಎಷ್ಟೋ ಕಂತು ಎಳೆದರು. ಪುಸ್ತಕದ ಕಥೆ ಇನ್ನೂ ಮುಂದ ಬರೆದಿರಲಿಲ್ಲ, ಟೀವಿಯವರು ಅದನ್ನ ಮುಟ್ಟಿಬಿಟ್ಟಿದ್ದರು, ಅದಕ್ಕ ಎಳೆದರು. ಮುಂದಿನ ನುಡಿ ಮರೆತ ಹಾಡುಗಾರ ಗೀಯಾ ಗಾಗಿಯಾ ಅಂತ ಪಲ್ಲವಿಯನ್ನೇ ತಿರುವಿ ಹಾಕಿದಂಗ.

ಇಷ್ಟೆಲ್ಲಾ ನಾನು ಯಾಕ ಬರೀಲಿಕ್ಕೆ ಹತ್ತೀನಿ ಅಂದ್ರ, ಹೋದ ವರ್ಷ ಒಂದೂರ ಜಾತ್ರಿಗೆ ಹಾಡಾಕ ಕರೆದವರು, ಹತ್ತು ನಿಮಿಷದಾಗ ಮುಗಿಸ್ರಿ, ಈಗಿನ ಹುಡುಗರು ಕೂಡೂದಿಲ್ಲ, ಎರಡು ಸಿನಿಮಾ ಧಾಟಿ ಹಾಕ್ರಿ ಅಂದರು. ಇದೇ ಮಾತು ನಮ್ಮ ಗುರುಗಳ ಬಾಯಾಗೂ ಕೇಳತೀನಿ. ಕೂಡೂದಿಲ್ಲ ಅಂತ ಯಾರು ಹೇಳಿದರು? 52 ರವಿವಾರ ಮೈ ತೊಳಕೊಳ್ಳದ ಟೀವಿ ಮುಂದ ಕುಂತವರು ಹುಡುಗರೇ, ಅದೂ ಮನಿಯೊಳಗಿನ ಮಾತಲ್ಲದ ಹಿಂದಿಯೊಳಗ. ಛತ್ರಿ ಮ್ಯಾಲಿನ ಹನಿ ಎಣಿಸಿಕೊಂತ ನನ್ನ ಮಗ್ಗಲದಾಗ ಕುಂತವನೂ ಒಂಬತ್ತು ವರ್ಷದ ಹುಡುಗನೇ. ಗುರುಗಳೇ, ವಾಚನಾಲಯದ ಗ್ವಾಡಿ ಮ್ಯಾಲೆ ಒಂದು ರಾತ್ರಿ ಈ ಎರಡೂ ಮೋಗ್ಲಿಯನ್ನ ಹುಡುಗರಿಗೆ ತೋರಿಸ್ರಿ. ಯಾವ ತೋಳದ ತಾಯಿ ಬಗ್ಗೆ ಕೇಳತಾರ, ಯಾವ ಹಾಡು ಗುನುಗತಾರ ನೋಡ್ರಿ. ಬೇಕಾದರ ಅದರ ಮರುದಿನ ನಮ್ಮ ಮೇಳಕ್ಕ ಎರಡು ತಾಸು ಕೊಡ್ರಿ, ಬಿದಾಗಿ ಬ್ಯಾಡ.

ಒಟ್ಟು ತೂಕ ಮಾಡಿದರ ಈ ಕಥೆಯಾಗ ನಾನು ಜಪಾನದ ಮೇಳಕ್ಕೇ ತಲಿ ತೂಗತೀನಿ. ಬಾಲೂ ಕರಡಿಯ ಕುಣಿತ ಒಂದು ಬಿಟ್ಟು. ಅದಕ್ಕ ಜಪಾನದವರ ಹತ್ತರ ಜವಾಬಿಲ್ಲ.