ನಿಂಬೆರಸದಲ್ಲಿ 'ಬೆಂದ' ಮೀನು

ಏಳು ತಿಂಗಳ ಬಸುರಿ ಮಗಳು ಊರಿಗೆ ಬಂದ ಮೂರನೆಯ ದಿನವೇ ಒಂದು ಪಾಕವಿಧಾನ ಹಿಡಿದುಕೊಂಡು ಅಡುಗೆಮನೆಗೆ ಬಂದಳು. "ಅಮ್ಮಾ, ಇದಕ್ಕೆ ಒಲೆಯೇ ಬೇಡ. ಮೀನು ನಿಂಬೆರಸದಲ್ಲೇ ಬೇಯುತ್ತದಂತೆ!" ಪೆರು ದೇಶದ ಸೆವಿಚೆ ಅದು. ಹಸಿ ಮೀನಿನ ತುಂಡು, ನಿಂಬೆರಸ, ಈರುಳ್ಳಿ, ಮೆಣಸಿನಕಾಯಿ, ಕೊತ್ತಂಬರಿ ಸೊಪ್ಪು, ಉಪ್ಪು. ಓದುತ್ತ ಓದುತ್ತ ನನಗೂ ಬಾಯಲ್ಲಿ ನೀರೂರಿತು. ಬೆಳಿಗ್ಗೆಯಷ್ಟೇ ತಂದ ಅಂಜಲ್ ಮೀನೂ ಇತ್ತು.

ಆದರೆ ಇಷ್ಟು ವರ್ಷ ಕನ್ನಡ ಪಾಠ ಮಾಡಿದವಳು ನಾನು. ಆ ಬರಹದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಒಂದು ಕ್ರಿಯಾಪದ, 'ಬೇಯುತ್ತದೆ'. ಬರೆದವರು ಯಾರೆಂದು ಹೇಳುವುದಿಲ್ಲ. ಆಮೇಲೆ ಹುಡುಕಿ ಓದಿದ ನಾಲ್ಕೈದು ಕಡೆಯೂ ಅದೇ ಮಾತಿತ್ತು.

ಹಾಲಿಗೆ ನಿಂಬೆಹುಳಿ ಹಿಂಡಿದರೆ ಹಾಲು ಒಡೆಯುತ್ತದೆ. 'ಹಾಲು ಕಾಯಿತು' ಎಂದು ಯಾವ ಹೆಂಗಸಾದರೂ ಹೇಳಿಯಾಳೇ? ಮೀನಿನಲ್ಲಿ ನಡೆಯುವುದೂ ಅಂಥದ್ದೇ. ಹುಳಿ ತಾಗಿದ ಪ್ರೋಟೀನು ತನ್ನ ಮೊದಲಿನ ರೂಪ ಕಳೆದುಕೊಂಡು ಗಟ್ಟಿಯಾಗುತ್ತದೆ, ತುಂಡು ಬೆಳ್ಳಗಾಗುತ್ತದೆ. ನೋಟಕ್ಕೇನೋ ಬೆಂದ ಹಾಗೆಯೇ. ಆದರೆ ಬೆಂಕಿ ಮಾಡುವ ಇನ್ನೊಂದು ಕೆಲಸವನ್ನು ಹುಳಿ ಮಾಡುವುದಿಲ್ಲ. ಕಡಲ ಮೀನಿನಲ್ಲಿರುವ ಅನಿಸಾಕಿಸ್ ಎಂಬ ಹುಳುವಿನ ಮರಿಗಳು ನಿಂಬೆರಸದಲ್ಲೂ ಬದುಕುಳಿಯುತ್ತವೆ. ರೋಗಾಣುಗಳೂ ಎಲ್ಲವೂ ಸಾಯುವುದಿಲ್ಲ. ಹಸಿಯಾಗಿ ತಿನ್ನುವ ಮೀನನ್ನು ಸೊನ್ನೆಗಿಂತ 20 ಡಿಗ್ರಿ ಕೆಳಗೆ 7 ದಿನ ಇಡಬೇಕೆಂದು ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ ಹೇಳುತ್ತದೆ. ಅದೂ ಹುಳುವಿಗೆ ಮದ್ದೇ ಹೊರತು ರೋಗಾಣುವಿಗಲ್ಲ. ಕರೆಂಟು ಹೋದಾಗಲೆಲ್ಲ ಬೆವರುವ ನಮ್ಮ ಮನೆಯ ಫ್ರಿಜ್ಜನ್ನು ಇದಕ್ಕೆ ನಂಬಲೇ? ಬಸುರಿಯರಿಗಂತೂ ಹಸಿ ಮೀನು ಬೇಡವೆಂದೇ ವೈದ್ಯರು ಹೇಳುವುದು. ಪಾಕವಿಧಾನದಲ್ಲಿ ಇದರ ಸುಳಿವೇ ಇರಲಿಲ್ಲ. ಈರುಳ್ಳಿ ಎಷ್ಟು ತೆಳ್ಳಗಿರಬೇಕು ಎನ್ನುವುದಕ್ಕೆ ಮೂರು ಸಾಲು!

ಸೆವಿಚೆಯನ್ನು ನಾನು ಹಳಿಯುತ್ತಿಲ್ಲ. ಹಾಗೆ ನೋಡಿದರೆ ಆ ಬರಹ ಪೆರುವಿನವರಿಗೂ ಅನ್ಯಾಯ ಮಾಡಿದೆ. ಅಲ್ಲಿನ ಹಳೆಯ ರೂಢಿಯಲ್ಲಿ ಸೆವಿಚೆ ಮಧ್ಯಾಹ್ನದ ಊಟ, ರಾತ್ರಿಯದಲ್ಲ. ಬೆಳಿಗ್ಗೆ ದಡ ಸೇರಿದ ಮೀನು ಮಧ್ಯಾಹ್ನಕ್ಕೆ ಮುಗಿಯಬೇಕು. ಹಿಂದೆ ಗಂಟೆಗಟ್ಟಲೆ ಹುಳಿಯಲ್ಲಿಡುತ್ತಿದ್ದರಂತೆ. 1899ರಿಂದ ಜಪಾನಿನಿಂದ ವಲಸೆ ಹೋದವರ ಸಂತತಿಯ ಕೈಯಲ್ಲಿ ಅದು ಕೆಲವೇ ನಿಮಿಷಗಳಿಗೆ ಇಳಿಯಿತು. ಪಕ್ಕದಲ್ಲಿ ಬೇಯಿಸಿದ ಸಿಹಿಗೆಣಸು, ಮುಸುಕಿನ ಜೋಳ. ತಟ್ಟೆಯಲ್ಲುಳಿದ ಬೆಳ್ಳನೆಯ ರಸಕ್ಕೆ ಅವರಿಟ್ಟ ಹೆಸರು 'ಹುಲಿಯ ಹಾಲು'. ಎಷ್ಟು ಚೆಂದ! 2023ರಲ್ಲಿ ಯುನೆಸ್ಕೋ ಈ ಪರಂಪರೆಯನ್ನು ತನ್ನ ಪಟ್ಟಿಗೆ ಸೇರಿಸಿಕೊಂಡಿತು.

ಭಯವೂ ಅವರಿಗೆ ಹೊಸದಲ್ಲ. 1991ರಲ್ಲಿ ಪೆರುವಿನಲ್ಲಿ ಕಾಲರಾ ಬಂದು ಮೂರು ಲಕ್ಷಕ್ಕೂ ಹೆಚ್ಚು ಜನ ಮಲಗಿದರು. ಹಸಿ ಮೀನು ತಿನ್ನಬೇಡಿ ಎಂಬ ಎಚ್ಚರಿಕೆಯಿಂದ ಬೆಸ್ತರ ಹೊಟ್ಟೆಗೆ ಹೊಡೆತ ಬಿತ್ತು. ಅಧ್ಯಕ್ಷ ಫುಜಿಮೊರಿ ಕ್ಯಾಮೆರಾದ ಮುಂದೆ ಸೆವಿಚೆ ತಿಂದು ತೋರಿಸಿದರು. ಕುಡಿಯುವ ನೀರಿನ ದೋಷವೇ ಅಲ್ಲಿ ದೊಡ್ಡದಿತ್ತು, ಎಲ್ಲ ಅಪವಾದವನ್ನೂ ಮೀನಿನ ತಲೆಗೆ ಕಟ್ಟುವುದು ನ್ಯಾಯವಲ್ಲ. ಹಾಗೆಂದು ಅಧ್ಯಕ್ಷರು ತಿಂದರೆಂದು ಮೀನು ಬೆಂದೂ ಬಿಡುವುದಿಲ್ಲ.

ನಮ್ಮ ಕರಾವಳಿಯ ಟ್ರಾಲ್ ಬೋಟುಗಳು ವಾರ, ಹತ್ತು ದಿನ ಕಡಲಲ್ಲಿದ್ದು ಬರುತ್ತವೆ. ಅಷ್ಟು ದಿನ ಐಸಿನಲ್ಲಿ ಮಲಗಿದ ಮೀನನ್ನು ನಾವು ಸಾರಿಗೆ, ಹುರಿಯುವುದಕ್ಕೆ ಎಂದು ತರುತ್ತೇವೆ. ನಮ್ಮ ಬಂಗುಡೆಗೂ ಹುಣಸೆ ಬೀಳುತ್ತದೆ, ಆದರೆ ಕೆಳಗೆ ಬೆಂಕಿ ಇರುತ್ತದೆ. ಮಾವಿನ ಮಿಡಿ ಉಪ್ಪಿನಲ್ಲಿ ಊರುತ್ತದೆ ಎನ್ನುತ್ತೇವಲ್ಲ, ಹಾಗೆ 'ಹುಳಿಯಲ್ಲಿ ಊರಿದ ಹಸಿ ಮೀನು' ಎಂದು ಬರೆದಿದ್ದರೆ ಸಾಕಿತ್ತು. 'ಹಸಿ' ಎಂಬ ಎರಡಕ್ಷರ ಕಂಡಿದ್ದರೆ ನನ್ನ ಮಗಳೇ ಕೈ ತಡೆಯುತ್ತಿದ್ದಳು.

"ಮನೆಯಲ್ಲೂ ಟೀಚರೇ ನೀನು" ಎಂದು ಮುಖ ಊದಿಸಿಕೊಂಡಳು. ಅಂಜಲನ್ನು ಹುರಿದದ್ದಾಯಿತು. ಪೆರುವಿನ ನೆರೆಯ ಎಕ್ವಡಾರಿನಲ್ಲಿ ಸಿಗಡಿಯನ್ನು ಮೊದಲು ಬೇಯಿಸಿ, ಆಮೇಲೆ ನಿಂಬೆರಸ, ಈರುಳ್ಳಿ, ಟೊಮೆಟೊ ಸೇರಿಸಿ ಸೆವಿಚೆ ಮಾಡುತ್ತಾರೆಂದು ಓದಿದ್ದೆ. ಮರುದಿನ ಹಾಗೆಯೇ ಮಾಡಿದೆವು. ಎರಡು ಬಟ್ಟಲು ತಿಂದು, ಉಪ್ಪು ಸ್ವಲ್ಪ ಕಡಿಮೆಯಾಯಿತೆಂದಳು.