ಗಾಳಕ್ಕೆ ಗರಿ ಕಟ್ಟುವ ಮುನ್ನ

ಫ್ಲೈ ಫಿಶಿಂಗ್ ಎಂಬ ವಿನೋದಕ್ಕೆ ಹೊಸದಾಗಿ ಮನಸೋತವರು ನನ್ನಲ್ಲಿ ಕೇಳುವ ಮೊದಲ ಪ್ರಶ್ನೆ ಬಹುಮಟ್ಟಿಗೆ ಒಂದೇ ಆಗಿರುತ್ತದೆ. ಎರಡು ತಿಂಗಳ ಹಿಂದೆ ಸೀವುಡ್ಸ್ ನಿಲ್ದಾಣದ ಬಳಿಯ ಚಹಾದಂಗಡಿಯಲ್ಲಿ ಧಾರವಾಡದ ಕಡೆಯ ತರುಣನೊಬ್ಬನೂ ಅದನ್ನೇ ಕೇಳಿದನು: "ಕೋಲು ಯಾವ್ದು ತಗೊಳ್ಳಲ್ರಿ ಸರ?" ಕೋಲು ಈಗಲೇ ಬೇಡ, ಗಾಳವನ್ನು ಕಚ್ಚಿ ಹಿಡಿಯುವ ಪುಟ್ಟದೊಂದು ವೈಸ್, ಮೊನಚಾದ ಕತ್ತರಿ, ಒಂದು ಉಂಡೆ ದಾರ ಇಷ್ಟನ್ನು ಕೊಂಡು, ರಾತ್ರಿ ಊಟದ ಮೇಜಿನ ಮೇಲೆ ದೀಪವನ್ನು ಹತ್ತಿರಕ್ಕೆಳೆದುಕೊಂಡು ಕುಳಿತುಕೋ ಎಂದೆನು. ಅವನ ಮುಖ ಸಪ್ಪಗಾಯಿತಾದರೂ ಈ ಮಾತನ್ನು ನಾನು ಯಾರಿಗೂ ಸಡಿಲಿಸುವವನಲ್ಲ.

ಸಾಮಾನ್ಯವಾದ ಗಾಳದಲ್ಲಿ ಸೀಸದ ಗುಂಡಿನ ಭಾರವು ದಾರವನ್ನು ದೂರಕ್ಕೆ ಒಯ್ಯುತ್ತದೆ, ಎರೆಯ ವಾಸನೆಯು ಮೀನನ್ನು ಕರೆಯುತ್ತದೆ. ಇಲ್ಲಿಯಾದರೋ ಭಾರವೆಲ್ಲ ದಪ್ಪನೆಯ ನೂಲಿನಲ್ಲಿಯೇ ಇದ್ದು, ಅದರ ತುದಿಯಲ್ಲಿರುವುದು ಗರಿ, ಕೂದಲು, ದಾರಗಳಿಂದ ಕೈಯಾರೆ ಕಟ್ಟಿದ, ರುಚಿ ವಾಸನೆಗಳಿಲ್ಲದ, ಬಹು ಹಗುರವಾದ ಒಂದು ಜೀವಾಕೃತಿ. ಮೀನಿನ ಕಣ್ಣನ್ನೇ ಮುಖ್ಯವಾಗಿ ನೆಚ್ಚಿರುವ ಈ ಕಲೆಯಲ್ಲಿ, ಆ ಮೀನು ಏನನ್ನು ತಿಂದು ಬದುಕುತ್ತದೆಂಬುದನ್ನು ಅರಿಯದೆ ಎಷ್ಟು ಚೆನ್ನಾಗಿ ಬೀಸಿದರೂ ವ್ಯರ್ಥ. ಬೀಸುವವನು ಆ ವಿಚಾರವನ್ನು ಮುಂದೂಡಬಲ್ಲನು. ಕಟ್ಟಲು ಕುಳಿತವನಿಗೆ ಅದು ಸಾಧ್ಯವಿಲ್ಲ. ಎಷ್ಟು ಉದ್ದ, ಯಾವ ಬಣ್ಣ, ಕಣ್ಣು ಎಲ್ಲಿ ಎಂಬುದಕ್ಕೆ ಅವನ ಬೆರಳುಗಳು ಅಲ್ಲಿಯೇ ಉತ್ತರ ಹೇಳಬೇಕು.

ಇದನ್ನು ನಮ್ಮವರಿಗೆ ಪರದೇಶದವರು ಬಂದು ತಿಳಿಸಬೇಕಾಗಿರಲಿಲ್ಲ. ನಮ್ಮ ಲೋಕಲ್ ರೈಲು ಮುಟ್ಟುವ ಕಲ್ಯಾಣದಲ್ಲಲ್ಲ, ಬೀದರ ಜಿಲ್ಲೆಯ ಆ ಇನ್ನೊಂದು ಕಲ್ಯಾಣದಲ್ಲಿ, 1130ರ ಸುಮಾರಿಗೆ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ರಚಿಸಿದ ಸಂಸ್ಕೃತ ಗ್ರಂಥ 'ಮಾನಸೋಲ್ಲಾಸ'ದಲ್ಲಿ ರಾಜನಿಗೆ ತಕ್ಕ ವಿನೋದಗಳ ನಡುವೆ 'ಮತ್ಸ್ಯವಿನೋದ'ಕ್ಕೂ ಒಂದು ಅಧ್ಯಾಯವಿದೆ. ಸುಮಾರು 35 ಬಗೆಯ ಮೀನುಗಳನ್ನು, ಕಡಲಿನವು ಹೊಳೆಯವು, ಪೊರೆಯುಳ್ಳವು ಪೊರೆಯಿಲ್ಲದವು ಎಂದು ವಿಂಗಡಿಸಿ, ಯಾವುದಕ್ಕೆ ಯಾವ ಆಹಾರವೆಂಬುದನ್ನು ಆತನು ಹೇಳುತ್ತಾನೆ. ಮತ್ಸ್ಯಶಾಸ್ತ್ರಜ್ಞ ಸುಂದರಲಾಲ್ ಹೋರಾ ಅವರು 1951ರಲ್ಲಿ ಈ ಅಧ್ಯಾಯವನ್ನು ವಿದ್ವಾಂಸರ ಗಮನಕ್ಕೆ ತಂದರು. ಮೀನನ್ನು ಎಳೆಯುವ ಸಂತೋಷಕ್ಕಿಂತ ಮೊದಲು ಮೀನಿನ ಊಟವನ್ನು ವಿಚಾರಿಸಿದ ಆ ಅರಸನನ್ನು ನಾನು ಈ ವಿನೋದದ ಆದಿಗುರುವೆಂದೇ ಎಣಿಸಿದ್ದೇನೆ.

ಇನ್ನು ಸಾಮಗ್ರಿ. ಕೋಳಿಯಂಗಡಿಯ ಬ್ರಾಯ್ಲರ್ ಗರಿ ಇದಕ್ಕೆ ಬಾರದು. ಆರು ವಾರಕ್ಕೇ ಕತ್ತಿಗೆ ಬರುವ ಆ ಹಕ್ಕಿಗೆ ಕುತ್ತಿಗೆಯ ನೀಳಗರಿ ಮೂಡುವಷ್ಟು ಆಯುಷ್ಯವಿರುವುದಿಲ್ಲ. ಪನವೇಲಿನ ಆಚೆಯ ಹಳ್ಳಿಗಳ ಗಾವಠಿ ಹುಂಜದ ಗರಿಯೇ ಬೇಕು. ದೇಹದ ಮೇಲೆ ಮಿನುಗುವ ಸುತ್ತುಗಳಿಗೆ ಹಳೆಯ ಸೀರೆಯ ಜರಿಯ ಎಳೆ ಒಳ್ಳೆಯದು. ನಮ್ಮ ಖಾಡಿಯ ಉಪ್ಪುನೀರಿಗೆ ಅದು ಕಪ್ಪಿಡುವುದರಿಂದ ಮನೆಗೆ ಬಂದೊಡನೆ ಸಿಹಿನೀರಿನಲ್ಲಿ ತೊಳೆಯತಕ್ಕದ್ದು.

ಆದರೆ ಒಂದು ಗರಿಯ ವಿಷಯದಲ್ಲಿ ಮಾತ್ರ ನಾನು ಕಠಿಣನು. ಸಹ್ಯಾದ್ರಿಯ ಕಾಡುಕೋಳಿಯ ಹುಂಜಕ್ಕೆ ಕುತ್ತಿಗೆಯ ಗರಿಗಳಲ್ಲಿ ಅರಗಿನ ಬಿಲ್ಲೆ ಅಂಟಿಸಿದಂತೆ ನುಣುಪಾದ ಬಿಳಿ ಹಳದಿಯ ಚುಕ್ಕೆಗಳಿರುತ್ತವೆ. ಗರಿಯ ಕಡ್ಡಿಯೇ ಅಲ್ಲಿ ಅಗಲವಾಗಿ ಹರಡಿ ಆ ಹೊಳಪಾಗಿರುವುದು. ಮಲೆನಾಡಿನ ಬೆಳಗಿನ ಮಂಜಿನಲ್ಲಿ ಕೂಗುವ ಆ ಹಕ್ಕಿಯ ಗರಿ ಒಂದು ಕಾಲದಲ್ಲಿ ಹಡಗೇರಿ ಹೋಗಿ, ಸ್ಕಾಟ್ಲೆಂಡಿನ ಹೊಳೆಗಳಲ್ಲಿ ಸಾಲ್ಮನ್ ಮೀನಿಗೆಂದು ಕಟ್ಟಿದ ಫ್ಲೈಗಳಿಗೆ ಕಣ್ಣಾಗುತ್ತಿತ್ತು. ಆ ಬೇಡಿಕೆಗಾಗಿ ಎಷ್ಟೋ ಹುಂಜಗಳು ಸತ್ತವು. ಇಂದು ಕಾನೂನು ಅದನ್ನು ಕಾಯುತ್ತದೆ; ಕಾನೂನಿಲ್ಲದಿದ್ದರೂ ನಾನು ಅದನ್ನು ಮುಟ್ಟಲಾರೆನು. ಸಾಧಾರಣವಾದ ಕಪ್ಪು ಗರಿಯ ಮೇಲೆ ಉಗುರುಬಣ್ಣದ ಒಂದು ಹನಿ ಬಿಟ್ಟು ಒಣಗಿಸಿದರೆ ಮೀನಿಗೆ ಅಷ್ಟೇ ಸಾಕು. (ಆ ಹಕ್ಕಿಯ ಶಾಸ್ತ್ರೀಯ ನಾಮದಲ್ಲಿರುವ ಸೊನೆರಾ ಎಂಬ ಫ್ರೆಂಚ್ ಪ್ರಕೃತಿಶಾಸ್ತ್ರಜ್ಞನ ಹೆಸರೇ, 2020ರಲ್ಲಿ ಮಹಾರಾಷ್ಟ್ರವು ತನ್ನ ರಾಜ್ಯದ ಕಾಂಡ್ಲಾ ಮರವೆಂದು ಸಾರಿದ 'ಸೊನರೇಷಿಯಾ ಆಲ್ಬಾ'ದಲ್ಲಿಯೂ ಇದೆ. ಘಟ್ಟದ ಕೋಳಿಗೂ ಖಾಡಿಯ ಮರಕ್ಕೂ ಹೀಗೊಂದು ನಂಟಿರುವುದು ನನಗೆ ಬಹಳ ಪ್ರಿಯವಾದ ಸಂಗತಿ.)

ಮೊದಲು ಕಟ್ಟಬೇಕಾದುದು ಅಮೆರಿಕೆಯ ಬಾಬ್ ಕ್ಲೌಸರ್ 1987ರಲ್ಲಿ ರೂಪಿಸಿದ ಮರಿಮೀನಿನ ಆಕೃತಿ. ಗಾಳದ ದಂಡಿನ ಮೇಲೆ ದಾರವನ್ನು ಒತ್ತಾಗಿ ಸುತ್ತಿ, ಡಂಬೆಲ್ಲಿನಂತಹ ಲೋಹದ ಜೋಡಿಕಣ್ಣನ್ನು ಅಡ್ಡಲಾಗಿ ಇಟ್ಟು ಎಂಟರ ಆಕಾರದಲ್ಲಿ ಬಿಗಿದು, ಮೇಕೆಯ ಕೂದಲಿನ ತೆಳುವಾದ ಎರಡು ಕುಚ್ಚುಗಳನ್ನು ಕಟ್ಟಿದರೆ ಮುಗಿಯಿತು. ಕಣ್ಣಿನ ಭಾರಕ್ಕೆ ಅದು ನೀರಿನಲ್ಲಿ ಮಗುಚಿ ಗಾಳದ ಮೊನೆ ಮೇಲಾಗುವುದರಿಂದ ತಳದ ಬೇರುಗಳಿಗೆ ಸಿಕ್ಕಿಕೊಳ್ಳುವುದು ಕಡಿಮೆ. ಹೊಸಬರೆಲ್ಲರೂ ಕೂದಲನ್ನು ಅಗತ್ಯಕ್ಕಿಂತ ಇಮ್ಮಡಿ ಹಿಡಿಯುತ್ತಾರೆ. ಸಾಕೆನಿಸಿದುದರಲ್ಲಿ ಅರ್ಧವನ್ನು ತೆಗೆದುಬಿಡಿ. ಗಾಳದ ಹಿಮ್ಮುಳ್ಳನ್ನು ಇಕ್ಕಳದಿಂದ ಅದುಮಿ ಚಪ್ಪಟೆ ಮಾಡುವುದನ್ನು ಮರೆಯಬೇಡಿ: ಬಿಟ್ಟುಬಿಡುವ ಮೀನಿಗೂ, ನಿಮ್ಮ ಕಿವಿಗೂ ಅದು ಕ್ಷೇಮ.

ಕೋಲು ಕೊಳ್ಳುವ ಕಾಲ ಬಂದಾಗ ಒಂಬತ್ತಡಿಯ, ಎಂಟನೆಯ ಅಂಕದ್ದು ಖಾಡಿಗೆ ಸರಿಹೋಗುತ್ತದೆ. ಮೊದಲ ತಿಂಗಳು ಮೈದಾನವೇ ನಿಮ್ಮ ನೀರು. ಗಾಳದ ಬದಲು ಉಲ್ಲನ್ನಿನ ತುಣುಕು ಕಟ್ಟಿ, ನೂಲು ಹಿಂದಕ್ಕೆ ಪೂರ್ತಿ ನೀಳವಾಗುವವರೆಗೆ ಕಾದು ಮುಂದಕ್ಕೆ ಬೀಸಿ. ಬಾರುಕೋಲಿನಂತೆ ಛಟೀರೆಂದರೆ ಅವಸರ ಮಾಡಿದಿರೆಂದು ಅರ್ಥ.

ಕಾವೇರಿಯ ಬಿಳಿಮೀನಿನ ಕನಸು ಕಾಣುವವರಿಗೆ ಒಂದೇ ಮಾತು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಹಿಡಿದ 120 ಪೌಂಡಿನ ಆ ಮಹಾಮತ್ಸ್ಯದ ಕುಲ ಇಂದು ಅಳಿವಿನ ಅಂಚಿನಲ್ಲಿದೆ. ಅದನ್ನು ಅದರ ಪಾಡಿಗೆ ಬಿಡೋಣ.

ಆ ಧಾರವಾಡದ ತರುಣನು ಆರು ವಾರ ಕಟ್ಟಿ ಕಟ್ಟಿ, ಹೋದ ಭಾನುವಾರ ತಾನು ಮಾಡಿದ ಸಿಗಡಿಯೊಂದನ್ನು ಬೆಂಕಿಪೆಟ್ಟಿಗೆಯಲ್ಲಿಟ್ಟುಕೊಂಡು ಬಂದನು. ಕಿತ್ತಳೆಯ ದೇಹ, ಜರಿಯ ಉಂಗುರಗಳು, ದಾರದ ಗಂಟೊಂದೂ ಕಾಣದ ಅಂದವಾದ ಕೆಲಸ. ದಿವಾಳೆಯ ಜೆಟ್ಟಿಯಲ್ಲಿ ಬಲೆ ಬಿಡಿಸುತ್ತ ಕುಳಿತಿದ್ದ ಕೋಳಿ ಜನಾಂಗದ ಹಿರಿಯರೊಬ್ಬರಿಗೆ ಅದನ್ನು ತೋರಿಸಿದೆವು. ಅವರು ಒದ್ದೆಯ ಅಂಗೈಯಲ್ಲಿ ಅದನ್ನಿಟ್ಟು ತಿರುಗಿಸಿ ನೋಡಿ, ಪಕ್ಕದ ಬಕೀಟಿನಲ್ಲಿದ್ದ ಜೀವಂತ ಕೋಲಂಬಿಯೊಂದರ ಮುಂದೆ ಬೆರಳು ಆಡಿಸಿದರು. ಅದು ಬಾಲವನ್ನು ಹೊಟ್ಟೆಯ ಕಡೆಗೆ ಮಡಚಿ, ಚಿಮ್ಮಿ, ಹಿಂದುಹಿಂದಕ್ಕೆ ಹಾರಿತು.

"ನಿನ್ನದು ಕಣ್ಣು ಮುಂದೆ ಮಾಡಿಕೊಂಡು ಓಡುತ್ತದಲ್ಲಪ್ಪ" ಎಂದರು ಅವರು, ದಾರ ಕಟ್ಟುವ ಉಂಗುರವನ್ನು ಉಗುರಿನಿಂದ ತೋರಿಸುತ್ತ.

ಹುಡುಗನು ಬಕೀಟಿನ ಮುಂದೆ ಕುಕ್ಕರಗಾಲಿನಲ್ಲಿ ಕುಳಿತನು. "ಇನ್ನೊಮ್ಮೆ ಹೆದರಸ್ರಿ ಕಾಕಾ" ಎಂದನು. ಉಬ್ಬರ ಏರಿ ಜೆಟ್ಟಿಯ ಮೆಟ್ಟಿಲು ಮುಳುಗುವವರೆಗೆ ನಾವು ಅಲ್ಲಿಯೇ ಇದ್ದೆವು.